ಹಾಲಗಂಬ ಯಾವತ್ತು ನೆಡ್ತೀರಿ?

"ನಮ್ಮಂಥೋರಿಗೆ ಸರ್ಕಾರ ಕಾಗದ ಕೊಡಂಗಿಲ್ಲವಾ, ಬರೀ ಕೇಳ್ತೈತಿ." ಹೀಗೆಂದವನು ನನ್ನ ಸೋದರಮಾವ ಭೀಮಣ್ಣ. ಯಾದಗಿರಿ ಕಡೆಯಿಂದ ಹೈದರಾಬಾದಿಗೆ ಬಂದ ಗಾರೆ ಕೆಲಸದವರನ್ನು ಮಿಯಾಪುರದಲ್ಲಿ ಕೆಲಸಕ್ಕೆ ಹಚ್ಚುವ ಮೇಸ್ತ್ರಿ. ನಾನು ಡಿಗ್ರಿಗೆ ಸೇರಿದಾಗಲೂ ಅವನ ಮಾತು ಹೆಚ್ಚುಕಡಿಮೆ ಇದೇ ಇತ್ತು. ಆದರೂ ಓದಿದೆ. ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಮಿಯಾಪುರಕ್ಕೆ ಮೆಟ್ರೊ ಬಂದ ಮರುವರ್ಷ ನಗರಪಾಲಿಕೆಯ ಒಂದು ಕಚೇರಿಯಲ್ಲಿ, ಬಯಲು ಸಮಾರಂಭಗಳ ಅನುಮತಿ ವಿಭಾಗದಲ್ಲಿ, ಜೂನಿಯರ್ ಅಸಿಸ್ಟೆಂಟ್ ಆಗಿದ್ದೆ.

ಯಾವುದಕ್ಕೆ ಅನುಮತಿ ಬೇಕು ಎಂದು ಕೇಳಿದವರಿಗೆಲ್ಲ ನಾನು ಹೇಳುತ್ತಿದ್ದುದು ಇಷ್ಟು: ಪಾರ್ಕಿನಲ್ಲಿ ನಾಲ್ಕು ಮಂದಿ ಕೂತು ಬುತ್ತಿ ಬಿಚ್ಚಿದರೆ ಯಾರೂ ಕೇಳುವುದಿಲ್ಲ. ರಸ್ತೆಯಲ್ಲೋ ಸರ್ಕಾರಿ ಜಾಗದಲ್ಲೋ ಶಾಮಿಯಾನ ಎದ್ದರೆ ನಮ್ಮ ಅನುಮತಿ ಬೇಕು. ಮೈಕ್ ಹಚ್ಚಿದರೆ ಪೊಲೀಸರ ಎನ್‌ಒಸಿ, ಅಂದರೆ ತಕರಾರಿಲ್ಲ ಎಂಬ ಪತ್ರವೂ ಬೇಕು.

ಒಂದು ಸೋಮವಾರ ಮಾವ ಗಾರೆ ಕೆಲಸದ ಮಲ್ಲಪ್ಪನನ್ನು ಕರಕೊಂಡು ಬಂದ. ಮಲ್ಲಪ್ಪನ ಮಗಳ ಮದುವೆಗೆ ಹನ್ನೆರಡು ದಿನ ಉಳಿದಿತ್ತು. ಅವರ ಓಣಿಯಲ್ಲಿ ಹಿಂದಿನ ವರ್ಷ ಅನುಮತಿಯಿಲ್ಲದೆ ಹಾಕಿದ್ದ ಶಾಮಿಯಾನವೊಂದು ಆಂಬುಲೆನ್ಸಿಗೆ ಅಡ್ಡವಾಗಿ, ಮಂದಿ ಊಟಕ್ಕೆ ಕೂತಿರುವಾಗಲೇ ನಗರಪಾಲಿಕೆಯವರು ಅದನ್ನು ಬಿಚ್ಚಿಸಿದ್ದರು.

"ಬೀಗರ ಮುಂದ ಹಂಗಾದ್ರ ನಾ ಬದುಕಿ ಸತ್ತಂಗ್ರೀ ಅಕ್ಕಾರ," ಎಂದ ಮಲ್ಲಪ್ಪ.

ಅರ್ಜಿ ತುಂಬಿಸಿದೆ. ಅರ್ಜಿದಾರ ನನ್ನ ಮಾವನ ಪರಿಚಯದವನು ಎಂದು ಫೈಲಿನ ಮೇಲೆ ಬರೆದೇ ಮೇಲಧಿಕಾರಿಗೆ ಕಳಿಸಿದೆ.

ಬುಧವಾರ ಸ್ಥಳ ಪರಿಶೀಲನೆಗೆ ಎಂಜಿನಿಯರ್ ಜೊತೆ ನಾನೂ ಹೋದೆ. ಮಲ್ಲಪ್ಪನ ಬಾಗಿಲ ಮುಂದೆ ಹೊಸ ಸಿಮೆಂಟ್ ರಸ್ತೆಯನ್ನು ಕೊರೆದು ಒಂದು ಕಂಬ ನೆಟ್ಟಿದ್ದರು. ಕಂಬಕ್ಕೆ ಅರಿಶಿನ, ತುದಿಗೆ ಮಾವಿನ ಸೊಪ್ಪು. ಅದು ಹಾಲಗಂಬ, ಮದುವೆ ಹಂದರದ ಮೊದಲ ಕಂಬ. ಪೂಜೆ ಮಾಡಿಸುವ ಅಯ್ಯನೋರ ಹತ್ತಿರ ಮುಹೂರ್ತ ಕೇಳಿ, ಮುತ್ತೈದೆಯರು ಹಾಲೆರೆದು ನೆಡಿಸುವಂಥದ್ದು. ಮುಹೂರ್ತ ಮಂಗಳವಾರ ಬೆಳಿಗ್ಗೆಯೇ ಇತ್ತು. ಅನುಮತಿ ಬರಲಿ ಎಂದು ಅದು ಕಾಯುತ್ತದೆಯೇ? ಎಂಜಿನಿಯರ್ "ರೋಡ್ ಕಟಿಂಗ್" ಎಂದು ಬರೆದು ಅರ್ಜಿ ತಿರಸ್ಕರಿಸಿದರು.

ಮಲ್ಲಪ್ಪನ ಪಕ್ಕದಲ್ಲೇ ನಿಂತಿದ್ದ ಮಾವ ನನ್ನ ಕಡೆ ನೋಡಿ ನಕ್ಕ. "ನೋಡವಾ, ಈ ರೋಡ್ ಹಾಕಿದವ್ರ ನಾವು. ಒಂದು ತೂತಿಗೆ ನಮ್ಮನ್ನ ಕಳ್ಳರ ಮಾಡಿದ್ರಿ!"

"ಹಾಕಿದವ್ರಿಗೆ ಮುಚ್ಚಾಕೂ ಬರ್ತೈತಲ್ಲ ಮಾವ," ಅಂದೆ.

ರಸ್ತೆ ಮೊದಲಿನಂತಾಗಿ ಓಣಿ ತೆರವಾಗಿದ್ದರೆ ಹೊಸ ಅರ್ಜಿ ತೆಗೆದುಕೊಳ್ಳಬಹುದು ಎಂದರು ಎಂಜಿನಿಯರ್. ಓಣಿಯ ಕೊನೆಗೆ ನಗರಪಾಲಿಕೆಯ ಖಾಲಿ ಜಾಗವಿತ್ತು. ಹಂದರ ಅಲ್ಲಿಗೆ ಹೋಗಬಹುದಿತ್ತು. ತೊಡಕು ಕಂಬದ್ದು. ನೆಟ್ಟ ಹಾಲಗಂಬ ಮದುವೆಗೆ ಮುಂಚೆ ಕಿತ್ತರೆ ಅಪಶಕುನ. ಮಲ್ಲಪ್ಪ ಕಂಬ ಹಿಡಿದೇ ನಿಂತಿದ್ದ. ಬಣ್ಣದ ಡಬ್ಬಿಗೆ ಮರಳು ತುಂಬಿ ಅದರಲ್ಲಿ ನಿಲ್ಲಿಸಿ, ಮನೆಯ ಕಟ್ಟೆಯ ಮೇಲಿಟ್ಟರೆ ಆಗುತ್ತದೆಯೇ ಎಂದು ಅವನ ತಾಯಿಯನ್ನು ಕೇಳಿದೆ. ಮುದುಕಿ ಕಂಬವನ್ನು ಮುಟ್ಟಿ ನೋಡಿದಳು.

"ಹಾಲೆರದದ್ದು ಕಂಬಕ್ಕ, ತೂತಿಗಲ್ಲ. ನೆಲಕ್ಕ ಮಾತ್ರ ಮಲಗಿಸಬ್ಯಾಡ್ರಿ."

ನಾಲ್ಕು ಮಂದಿ ಕಂಬವನ್ನು ನಿಂತ ಹಾಗೇ ಎತ್ತಿ ಡಬ್ಬಿಯಲ್ಲಿಟ್ಟರು. ಅದೇ ಸಂಜೆ ಮಾವ ತಾನೇ ಕರಣೆ ಹಿಡಿದು ತೂತು ಮುಚ್ಚಿದ. ಖಾಲಿ ಜಾಗಕ್ಕೆ ಹೊಸ ಅರ್ಜಿ ತುಂಬಿಸಿದೆ. ಎಂಜಿನಿಯರ್ ಮತ್ತೆ ಬಂದು ನೋಡಿ ಒಪ್ಪಿದರು. ಮೈಕಿಗೆ ಪೊಲೀಸರ ಎನ್‌ಒಸಿಯೂ ಬಂತು.

ಅಂದಿನಿಂದ ಮದುವೆಯ ಅರ್ಜಿ ತಂದ ನಮ್ಮ ಕಡೆಯವರಿಗೆಲ್ಲ ನನ್ನ ಮೊದಲ ಪ್ರಶ್ನೆ, "ಹಾಲಗಂಬ ಯಾವತ್ತು ನೆಡ್ತೀರಿ?" ಫಾರ್ಮಿನಲ್ಲಿ ಆ ಕಾಲಂ ಇಲ್ಲ. ಮಂದಿಯ ಪದ್ಧತಿ ಗೊತ್ತಿಲ್ಲದೆ ಅವರ ಅರ್ಜಿ ಓದಲಾಗದು ಎಂಬುದನ್ನು ಆ ಕೆಲಸ ಕಲಿಸಿತು.

ಮದುವೆಗೆ ಮೂರು ದಿನ ಇರುವಾಗ ಸಹಿ, ಮೊಹರು ಬಿದ್ದ ಅನುಮತಿ ಪತ್ರವನ್ನು ಮಲ್ಲಪ್ಪನ ಕೈಗೆ ಕೊಟ್ಟೆ. ಅವನು ಅದನ್ನು ಕಣ್ಣಿಗೆ ಒತ್ತಿಕೊಂಡ. ಮಾವ ಕಸಿದುಕೊಂಡು, ಓದಲು ಬರದಿದ್ದರೂ, ಮೊಹರನ್ನು ಎರಡು ಸಲ ನೋಡಿದ.

"ಮುಂದಿನ ಮದುವಿಗೆ ಮುಹೂರ್ತ ಕೇಳಾಕ ಮೊದಲ ನಿನ್ನ ಹತ್ರ ಬರ್ತೀನವಾ," ಅಂದ. "ಆಮ್ಯಾಲ ಅಯ್ಯನೋರ ಹತ್ರ."