ಆರು ಕೊಂಬಿನ ರೂಟರ್

ಅಲ್ಲಾ, ಕುಂಕುಮ ಹಾಕಿದ್ದು ಯಾರು ಎಂದು ಒಬ್ಬರಾದರೂ ಕೇಳಬೇಕಿತ್ತೋ ಬೇಡವೋ? ಕೇಳಲಿಲ್ಲ. ಮುಳಬಾಗಿಲಿನ ಅಂಗಡಿಯಲ್ಲಿ ಮುರಳಿಮೋಹನ್ ಹಳೆಯ ರೂಟರನ್ನು ಬಿಚ್ಚಿದ. ಒಳಗೆ ನೀರು ಸೇರಿ ಕೆಸರಾಗಿದ್ದ ಕುಂಕುಮವನ್ನೂ ಎರಡು ಅಕ್ಷತೆ ಕಾಳನ್ನೂ ಕೆದಕಿ ತೋರಿಸಿ, "ವೈಫೈಗೆ ಅಭಿಷೇಕ ಮಾಡಿದೀರಲ್ಲಣ್ಣಾ!" ಎಂದು ನಕ್ಕ. ಚಂದ್ರಮೋಹನ್ ತಿರುಗಿ ಹೆಂಡತಿಯ ಮುಖ ನೋಡಿದ. ತೀರ್ಪು ಅಲ್ಲಿಗೇ ಆಗಿಹೋಯಿತು.

ಆ ಹೆಂಡತಿ ಮುನಿಲಕ್ಷ್ಮಿ. ಕುರುಡುಮಲೆ ಕಡೆಯ ಕಲ್ಲುಕೆಲಸದ ಎಲ್ಲಪ್ಪನ ಮಗಳು, ದೇವರಾಯಸಮುದ್ರಕ್ಕೆ ಸೊಸೆಯಾಗಿ ಬಂದು ಹದಿನೆಂಟು ವರ್ಷ. ಆರಿ ವರ್ಕ್ ಕಲಿಯಬೇಕು, ರವಿಕೆಗೆ ಮಣಿ, ಜರಿ ಕೂರಿಸುವ ಕೊಕ್ಕೆಸೂಜಿಯ ಕೆಲಸ ಕಲಿಯಬೇಕು ಎಂದು ಹಟ ಹಿಡಿದು, ಆರು ತಿಂಗಳು ದಿನಾ ಬಸ್ಸಿನಲ್ಲಿ ಕೋಲಾರಕ್ಕೆ ಹೋಗಿಬಂದವಳು. "ಸೂಜಿ ಹಿಡಿಯೋಕೂ ಕಾಲೇಜಾ?" ಎಂದು ಅತ್ತೆ ದೊಡ್ಡಗಂಗಮ್ಮ ಆಗ ಮೂತಿ ತಿರುವಿದ್ದಳು. ಕೊರೋನಾ ಬಂದು ಎಲ್ಲರೂ ಮನೆಯಲ್ಲಿ ಕೂತಾಗ ಇವಳು ಮೊಬೈಲಿನಲ್ಲೇ ಪಾಠ ಶುರು ಮಾಡಿದಳು. ಈಗ ಮಾಲೂರು, ಶ್ರೀನಿವಾಸಪುರದಿಂದೆಲ್ಲ ಹದಿನಾಲ್ಕು ಹೆಂಗಸರು ಕಲಿಯುತ್ತಾರೆ. ರಾಗಿ ಮೂಟೆ ತುಂಬಿದ್ದ ಹಿಂದಿನ ಕೋಣೆಗೆ ತಾನೇ ಸುಣ್ಣ ಹೊಡೆದು, ಬಟ್ಟೆ ಬಿಗಿಯುವ ಚೌಕಟ್ಟು ಹೂಡಿ, ಬೆಳಕು ಬೀಳುವ ಕಡೆ ಕೂತು ಕಲಿಸುತ್ತಾಳೆ. ಅಷ್ಟು ದೊಡ್ಡ ಮನೆಯಲ್ಲಿ ಅವಳದು ಎನ್ನಬಹುದಾದ ಜಾಗ ಅದೊಂದೇ.

ಹಳೆಯ ರೂಟರ್ ಇದ್ದದ್ದು ದೇವರ ಮನೆಯಲ್ಲಿ. ಸೀರಿಯಲ್ ದೀಪಕ್ಕೆಂದು ಹಾಕಿಸಿದ ಪ್ಲಗ್ಗು ಅಲ್ಲಿತ್ತು, ಪಕ್ಕದಲ್ಲೇ ಹಿಂದಿನ ಕೋಣೆಯ ಬಾಗಿಲು. ದೇವರ ಸಾಲಿನಲ್ಲಿ ಕೂತಿದ್ದ ಮೇಲೆ ಅದಕ್ಕೂ ಶುಕ್ರವಾರ ಒಂದು ಬೊಟ್ಟು ಬೀಳುತ್ತಿತ್ತು, ನಿಜ. ಇಡುತ್ತಿದ್ದವಳೂ ಇವಳೇ. ಅದಕ್ಕೇ ಬೈಗುಳ ಬಿದ್ದಾಗ ಬಾಯಿ ಬರಲಿಲ್ಲ. ಆಯುಧ ಪೂಜೆಯ ಹೊತ್ತಿಗೆ ನೆಟ್ ನಿಂತಿತ್ತು. ಹತ್ತು ದಿನ ಕೇಬಲ್ಲಿನ ಅಂಜಿಯನ್ನು ಬೈದು, ಆಮೇಲೆ ಅಂಗಡಿಗೆ ತಂದಿದ್ದರು.

ಹೊಸದು ಆರಿಸುವಾಗಲಾದರೂ ಅವಳ ಮಾತು ಕೇಳಿದರಾ? ಮುರಳಿಮೋಹನ್ ಗಾಜಿನ ಬೀರುವಿನಿಂದ ಆರು ಕೊಂಬಿನ ಕಪ್ಪು ಡಬ್ಬವೊಂದನ್ನು ತೆಗೆದು ಚಂದ್ರಮೋಹನನ ಮುಂದಿಟ್ಟ.

"ಇದು ತಗೊಳಣ್ಣಾ. ನಿಮ್ಮ ಬೀದಿಗೆಲ್ಲಾ ಬರುತ್ತೆ."

"ನಮ್ಮದು ಹಳೇ ಮನೆ. ಮೊಳ ದಪ್ಪದ ಕಲ್ಲು ಗೋಡೆ. ದಾಟುತ್ತಾ?" ಎಂದು ಮುನಿಲಕ್ಷ್ಮಿ ಕೇಳಿದಳು.

ಉತ್ತರ ಬಂದದ್ದು ಅವಳಿಗಲ್ಲ. "ಅಕ್ಕನಿಗೆ ಟೆಕ್ನಿಕಲ್ ಡೌಟು ನೋಡಣ್ಣಾ!" ಎಂದು ಅವನು ಗಂಡನ ಕಡೆ ಕಣ್ಣು ಮಿಟುಕಿಸಿದ. "ಗೋಡೆ ಅಲ್ಲ, ಗುಡ್ಡಾನೇ ದಾಟುತ್ತೆ."

"ಅವರಿಗೆ ಗೊತ್ತಿರುತ್ತೆ ಬಿಡೇ," ಎಂದ ಚಂದ್ರಮೋಹನ್. ಕಲ್ಲು ಒಡೆಯುವವನ ಮಗಳಿಗೆ ಕಲ್ಲಿನ ವಿಷಯ ಗೊತ್ತಿರುವುದಿಲ್ಲ, ಮಾರುವವನಿಗೆ ಗೊತ್ತಿರುತ್ತದೆ! ಇರಲಿ.

ಮನೆಗೆ ಬಂದ ಮೇಲೆ ದೊಡ್ಡಗಂಗಮ್ಮ ಆಜ್ಞೆ ಹೊರಡಿಸಿದಳು. "ದೇವರ ಮನೇಲಿ ಬೇಡವೇ ಬೇಡ. ಇವಳು ಅದಕ್ಕೂ ಕುಂಕುಮ ಸುರೀತಾಳೆ. ಟೀವಿ ಪಕ್ಕ ಇಡು." ಇಟ್ಟರು. ಹಾಲಿನಲ್ಲಿ ಸಿನಿಮಾ ಓಡಿತು, ಅತ್ತೆಯ ಧಾರಾವಾಹಿ ಓಡಿತು. ನಡುವೆ ಎರಡು ಕಲ್ಲು ಗೋಡೆ. ಹಿಂದಿನ ಕೋಣೆಯಲ್ಲಿ ಮಾತ್ರ ಹದಿನಾಲ್ಕು ಹೆಂಗಸರ ಮುಖಗಳು ಮೊಬೈಲಿನಲ್ಲಿ ಬಾಯಿ ತೆರೆದಂತೆಯೇ ನಿಂತುಬಿಟ್ಟವು. ಆರು ಕೊಂಬಿದ್ದು ಏನು ಬಂತು, ಮಣ್ಣು!

"ಹಾಲಿಗೇ ಬಂದು ಪಾಠ ಮಾಡು, ಅದಕ್ಕೇನೀಗ?" ಎಂದ ಗಂಡ. "ಆ ಕೋಣೆಗೆ ಮೂಟೆ ಹಾಕ್ಕೊಳ್ಳೋಣ."

ಅದಕ್ಕೇನೀಗ ಅಂತೆ! ಒಂದು ದಿನ ಮಾಡಿಯೂ ನೋಡಿದಳು. ಗಂಡ ಕೆಲಸಕ್ಕೆ ಹೋಗುವ ವೇಮಗಲ್ ಫ್ಯಾಕ್ಟರಿಗೆ ರಜೆಯೆಂದು ಅವನೂ ಅವನ ಇಬ್ಬರು ಗೆಳೆಯರೂ ಸೋಫಾದಲ್ಲಿ ಕಾಲು ಚಾಚಿದ್ದರು. ಅವರು ಮೊಬೈಲಿಗೆ ಇಣುಕಿದಾಗಲೆಲ್ಲ ಅತ್ತ ಕಡೆಯ ಹೆಂಗಸರು ಒಬ್ಬೊಬ್ಬರಾಗಿ ಕ್ಯಾಮೆರಾ ಮುಚ್ಚಿಕೊಂಡರು. ಕೈಯೇ ಕಾಣದಿದ್ದರೆ ಹೊಲಿಗೆ ತಿದ್ದುವುದು ಹೇಗೆ? ಮುನಿಲಕ್ಷ್ಮಿಗೆ ಅಳು ಬಂತು, ಅಳುವಿಗಿಂತ ಹೆಚ್ಚಾಗಿ ಸಿಟ್ಟು ಬಂತು. ಕೋಣೆ ಹೋದರೆ ಕೆಲಸವೂ ಹೋದಂತೆಯೇ.

ಆ ಮಧ್ಯಾಹ್ನ ಶ್ರೀನಿವಾಸಪುರದ ಶಿಷ್ಯೆ ಅರ್ಪಿತ ಫೋನ್ ಮಾಡಿದಳು.

"ಅಕ್ಕಾ, ಮುಂಚಿನ ಜಾಗದಲ್ಲೇ ಕೂತ್ಕೊಳ್ಳಿ. ಆ ಗಂಡಸರ ಮುಂದೆ ನಮಗೆ ಆಗಲ್ಲ."

"ನಾನು ಕುಂಕುಮ ಹಾಕಿ ಹಳೇದನ್ನ ಕೆಡಿಸಿಬಿಟ್ಟೆ ಕಣೇ. ಅದಕ್ಕೇ ಹಿಂಗಾಗಿದ್ದು."

"ನೀವಾ? ಅದು ಹೋಗಿದ್ದು ಆಯುಧ ಪೂಜೆ ದಿನ ಅಲ್ವಾ ಅಕ್ಕಾ? ಹೊರಗಾಗಿದೀನಿ, ಒಳಗೆ ಕೆಲಸ ಇಲ್ಲ, ಪಾಠನಾದ್ರೂ ಮಾಡೋಣ ಅಂತ ಹಬ್ಬದ ದಿನಾನೇ ಕ್ಲಾಸ್ ತಗೊಂಡಿದ್ರಿ. ಹಿಂದ್ಗಡೆ ಪೂಜೆ ಗಂಟೆ ಹೊಡೀತು, ಅದೇ ಹೊತ್ತಿಗೆ ನೀವು ಕಟ್ಟಾದ್ರಿ!"

ಮುನಿಲಕ್ಷ್ಮಿ ಬೆರಳು ಮಡಚಿ ದಿನ ಎಣಿಸಿದಳು. ಹೌದಲ್ಲಾ! ಆ ಮೂರು ದಿನ ದೇವರ ಮನೆಯ ಹೊಸ್ತಿಲನ್ನೂ ಅವಳು ತುಳಿದಿರಲಿಲ್ಲ. ಹಿಂದಿನ ಕೋಣೆಯಲ್ಲೇ ಚಾಪೆ, ತಟ್ಟೆ ಎಲ್ಲ. ಪೂಜೆ ಮಾಡಿದ್ದು ಗಂಡ, ರೂಟರಿಗೂ ಕುಂಕುಮ, ಅಕ್ಷತೆ ಹಾಕಿ ಕಲಶದ ನೀರು ಎರಚಿದ್ದೂ ಅವನೇ. ಎಲ್ಲರೂ ಅನ್ನುತ್ತಾರೆಂದು ತಾನೂ ನಂಬಿಬಿಟ್ಟೆನಲ್ಲಾ ಎಂದು ಮೈಯೆಲ್ಲ ಉರಿಯಿತು.

ಮರುದಿನ ಆರು ಕೊಂಬಿನ ಡಬ್ಬವನ್ನು ಬ್ಯಾಗಿಗೆ ಹಾಕಿಕೊಂಡು ಒಬ್ಬಳೇ ಬಸ್ಸು ಹತ್ತಿದಳು. ಮುರಳಿಮೋಹನ್, "ಓಪನ್ ಮಾಡಿದ್ದು ವಾಪಸ್ ತಗೊಳಲ್ಲಮ್ಮಾ," ಎಂದ.

"ಗುಡ್ಡ ದಾಟುತ್ತೆ ಅಂದ್ರಲ್ಲ? ಬನ್ನಿ ನಮ್ಮನೆಗೆ. ಹಾಲಿನಿಂದ ಹಿಂದಿನ ಕೋಣೆಗೆ ದಾಟಿಸಿ ತೋರಿಸಿ. ಆಮೇಲೆ ನಾನೇ ಇಟ್ಕೋತೀನಿ." ಅಂಗಡಿಗೆ ಬಂದಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿತ್ತು ಅವಳ ದನಿ.

ಅವನು ತಲೆ ಕೆರೆದುಕೊಂಡ. "ಕಲ್ಲು ಗೋಡೆ ಅಂದ್ರೆ ಯಾವುದೂ ಅಷ್ಟು ದಾಟಲ್ಲಮ್ಮಾ. ನೀವು ಎಲ್ಲಿ ಕೆಲಸ ಮಾಡ್ತೀರೋ ಅಲ್ಲೇ ಇಡಬೇಕು. ಅದಕ್ಕೆ ಈ ಎರಡು ಕೊಂಬಿಂದೇ ಸಾಕು."

"ಇದನ್ನ ಮೊನ್ನೆ ಹೇಳೋಕೆ ಏನಾಗಿತ್ತು ನಿಮಗೆ?"

ಅವನು ಸಣ್ಣದನ್ನು ಕೊಟ್ಟು ದೊಡ್ಡದನ್ನು ವಾಪಸು ತೆಗೆದುಕೊಂಡ. ಸಂಜೆಗೆ ಅಂಜಿ ಬಂದು ವೈರು ಎಳೆದು, ಅವಳ ಕೋಣೆಯ ಮೂಲೆಯಲ್ಲಿ ಹೊಸ ರೂಟರ್ ಕೂರಿಸಿದ. ಟೀವಿಗೂ ಅಲ್ಲಿಂದಲೇ ಒಂದು ವೈರು ಬಿಟ್ಟ. ಕೆಲಸದಿಂದ ಬಂದ ಚಂದ್ರಮೋಹನ್, "ಯಾರನ್ನ ಕೇಳಿ ಬದಲಾಯಿಸಿದೆ?" ಎಂದ.

"ಆಯುಧ ಪೂಜೆ ದಿನ ನಾನು ಎಲ್ಲಿದ್ದೆ?" ಎಂದು ಇವಳು ಕೇಳಿದಳು.

ಅವನಿಗೆ ಅರ್ಥವಾಗಲಿಲ್ಲ. ಅತ್ತೆಗೆ ಅರ್ಥವಾಯಿತು. ಅವಳ ಮುಖ ಸಣ್ಣದಾಯಿತು.

"ಹೇಳಿ ಅತ್ತೇ. ಒಳಗೆ ಬರಬೇಡ ಅಂದೋರೂ ನೀವೇ, ಒಳಗೆ ಬಂದು ಕೆಡಿಸಿದೆ ಅಂದೋರೂ ನೀವೇ. ನಾನು ಎಲ್ಲಿದ್ದೆ?"

ಚಂದ್ರಮೋಹನ್ ನೀರು ಎರಚಿದ ತನ್ನ ಬಲಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಮೂಟೆಗಳ ಮಾತು ಮತ್ತೆ ಎದ್ದೇಳಲಿಲ್ಲ.

ಮುಂದಿನ ತಿಂಗಳು ಮುನಿಲಕ್ಷ್ಮಿ ಮತ್ತೆ ಆ ಮೂರು ದಿನ ಹಿಂದಿನ ಕೋಣೆಯಲ್ಲಿದ್ದಳು. ಸಂಜೆ ಕರೆಂಟು ಹೋಗಿ ಬಂತು, ರೂಟರಿನ ದೀಪ ಕೆಂಪಾಯಿತು, ಹಾಲಿನಲ್ಲಿ ಧಾರಾವಾಹಿ ಅರ್ಧಕ್ಕೆ ನಿಂತಿತು. ದೊಡ್ಡಗಂಗಮ್ಮ ಬಾಗಿಲಿಗೆ ಬಂದು ಹೊಸ್ತಿಲಾಚೆಯೇ ನಿಂತಳು.

"ಲೇ ಮುನಿಲಕ್ಷ್ಮೀ, ನೆಟ್ ಬರ್ತಿಲ್ಲ ಕಣೇ. ಅದೇನೋ ಸ್ವಿಚ್ ಆರಿಸಿ ಹಾಕ್ತೀಯಲ್ಲ..."

ಇವಳು ಕೈಯಲ್ಲಿದ್ದ ಮಣಿ ಕೂರಿಸಿ, ದಾರ ಬಿಗಿದು, ನಿಧಾನವಾಗಿ ತಲೆಯೆತ್ತಿದಳು. "ನಾನು ಮುಟ್ಟಬಹುದಾ ಅತ್ತೇ?"

"ಮುಟ್ಟೇ ತಾಯಿ, ಮುಟ್ಟು!" ಎಂದಳು ದೊಡ್ಡಗಂಗಮ್ಮ.