ಹದಿನಾರು ಕೇಜಿ ಮಾದೇವಿ

೨೦೦೮ನೇ ಇಸವಿ, ಜುಲೈ ತಿಂಗಳ ಒಂದು ಸೋಮವಾರ, ಬೆಳಗ್ಗೆ ಐದು ಗಂಟೆ ಹತ್ತು ನಿಮಿಷ. ಸ್ಥಳ, ಹೊಸೂರಿನ ಆಲಸನತ್ತಂನಲ್ಲಿ ನಮ್ಮ ಮನೆಯ ಗೇಟು. ಹಾಜರಿದ್ದವರು ನಾನು ಮತ್ತು ನನ್ನ ಹೆಂಡತಿ ಕಮಲ. ಎದುರು ಮನೆಯ ಮಹಡಿಯ ಬಾಡಿಗೆ ಕೋಣೆಯಿಂದ ಒಬ್ಬ ಹೆಂಗಸು ಇಳಿದು ಬಂದಳು. ಬಲಗೈಯಲ್ಲಿ ಕ್ಯಾನ್ವಾಸ್ ಚೀಲ. ಚೀಲ ದೊಡ್ಡದಲ್ಲ, ಒಂದು ಸಣ್ಣ ಕುಂಬಳಕಾಯಿ ಹಿಡಿಸುವಷ್ಟು. ಆದರೆ ಅದರ ಹಿಡಿ ಹಗ್ಗದಂತೆ ಬಿಗಿದುಕೊಂಡಿತ್ತು.

ಭಾರ ಹಿಡಿದವರು ಒಂದು ಕಡೆಗೆ ವಾಲುತ್ತಾರೆ. ಇವಳು ವಾಲಲಿಲ್ಲ. ಎರಡು ಭುಜವೂ ಒಂದೇ ಮಟ್ಟದಲ್ಲಿದ್ದವು, ಕತ್ತು ನೆಟ್ಟಗಿತ್ತು. ನನಗೆ ಅನುಮಾನ ಬಂದದ್ದೇ ಅದರಿಂದ. ಮೂವತ್ತೊಂದು ವರ್ಷ ನಾನು ಅಂಗಡಿಗಳ ತಕ್ಕಡಿ, ತೂಕದ ಕಲ್ಲುಗಳನ್ನು ಪರೀಕ್ಷಿಸಿ ಮುದ್ರೆ ಹಾಕುವ ಇನ್ಸ್‌ಪೆಕ್ಟರ್ ಆಗಿದ್ದವನು. ಏನನ್ನಾದರೂ ಮುಚ್ಚಿಡುವ ಮನುಷ್ಯ ಅಗತ್ಯಕ್ಕಿಂತ ಹೆಚ್ಚು ನೆಟ್ಟಗೆ ನಿಲ್ಲುತ್ತಾನೆ ಎಂಬುದು ನನ್ನ ಅನುಭವ.

“ಅವಳು ಫ್ಯಾಕ್ಟರಿ ಕೆಲಸದವಳು ತಾನೆ?” ಎಂದೆ ಕಮಲಳಿಗೆ.

“ಹೌದು, ಮಾದೇವಿ ಅಂತ. ಅಂಚೆಟ್ಟಿ ಕಡೆಯೋಳು. ಯಾಕ್ರೀ?”

“ಸಣ್ಣ ಚೀಲ, ತುಂಬ ಭಾರ. ಅಂದರೆ ಲೋಹ. ಫ್ಯಾಕ್ಟರಿಯಿಂದ ದಿನಾ ಸ್ವಲ್ಪ ಸ್ವಲ್ಪ ತರ್ತಾಳೆ, ಬೆಳಗ್ಗೆ ಎಲ್ಲೋ ಸಾಗಿಸ್ತಾಳೆ.”

“ರಿಟೈರ್ ಆಗಿ ಎಂಟು ವರ್ಷ ಆಯ್ತು. ಆ ಇನ್ಸ್‌ಪೆಕ್ಟರನ್ನ ಇನ್ನಾದ್ರೂ ಮನೆಗೆ ಕಳಿಸ್ರೀ” ಎಂದು ಕಮಲ ಒಳಗೆ ಹೋದಳು.

ನಾನು ಕಳಿಸಲಿಲ್ಲ. ಅಂದಿನಿಂದ ಮೂರು ದಿನ ಐವತ್ತು ಹೆಜ್ಜೆ ಅಂತರದಲ್ಲಿ ಅವಳ ಹಿಂದೆ ನಡೆದೆ. ಅವಳು ಕೆರೆ ಏರಿಯವರೆಗೆ ಒಂದೇ ವೇಗದಲ್ಲಿ ಹೋಗುವಳು. ನೂರು ಹೆಜ್ಜೆಗೊಮ್ಮೆ ಚೀಲವನ್ನು ಇನ್ನೊಂದು ಕೈಗೆ ಬದಲಿಸುವಳು. ಏರಿಯ ಕೊನೆಯಲ್ಲಿ ಜಾಲಿ ಪೊದೆಯ ಹಿಂದೆ ಮರೆಯಾಗಿ, ಮುಕ್ಕಾಲು ಗಂಟೆಯ ನಂತರ ಬೆವರು ಸುರಿಸುತ್ತ ಹೊರಗೆ ಬರುವಳು. ಚೀಲದ ಭಾರ ಕಡಿಮೆಯಾಗಿರುತ್ತಿರಲಿಲ್ಲ. ಇದು ನನ್ನ ಲೆಕ್ಕಾಚಾರಕ್ಕೆ ಹೊಂದಲಿಲ್ಲ.

ನಾಲ್ಕನೆಯ ದಿನ ಅವಳು ಪೊದೆಯ ಈಚೆಗೇ ತಿರುಗಿ ನಿಂತಳು.

“ಯಾಕ್ ಸಾರ್, ದಿನಾ ಹಿಂದೇನೇ ಬತ್ತಾ ಇದ್ದೀರ? ಈ ವಯಸ್ನಾಗೆ ಇದು ಚೆಂದಾಗೈತಾ?”

“ಚೀಲದಲ್ಲಿ ಏನಿದೆ ಅಂತ ನೋಡಬೇಕು.”

“ಅಷ್ಟೇನಾ!” ಅವಳು ಎಡಗೈ ಬಿಚ್ಚಿದಳು. ಅಂಗೈಯಲ್ಲಿ ಒಂದು ಜಲ್ಲಿಕಲ್ಲು. “ನಾನು ಇನ್ನೇನೋ ಅಂದ್ಕೊಂಡು ಇದನ್ನ ಬೇರೆ ಎತ್ಕೊಂಡಿದ್ದೆ. ಇನ್ನೊಂದು ಹೆಜ್ಜೆ ಇಟ್ಟಿದ್ರೆ ಹಾಕೇಬಿಡ್ತಿದ್ದೆ ನೋಡಿ.”

ಚೀಲದಿಂದ ಅವಳು ಹೊರತೆಗೆದದ್ದು ಒಂದು ಕಬ್ಬಿಣದ ಗುಂಡು. ಮೇಲೆ ದಪ್ಪನೆಯ ಹಿಡಿ. ದೂರದಿಂದ ನೋಡಿದರೆ ದೇವಸ್ಥಾನದ ಬಾಗಿಲಿನ ಬೀಗದಂತೆ. ಅದರ ಹೆಸರು ಕೆಟಲ್‌ಬೆಲ್ ಎಂದಳು. ಕಾಲುಗಳ ನಡುವಿನಿಂದ ಅದನ್ನು ಬೀಸಿ, ಒಂದೇ ಎಳೆತಕ್ಕೆ ತಲೆಯ ಮೇಲಕ್ಕೆ ಒಯ್ದು, ಮೊಣಕೈ ನೆಟ್ಟಗೆ ಮಾಡಿ ನಿಲ್ಲಿಸಿದಳು. ಮತ್ತೆ ಇಳಿಸಿದಳು. ಸದ್ದಿಲ್ಲ, ಗಡಿಬಿಡಿಯಿಲ್ಲ.

ಅವಳ ಕಥೆ ಆ ಏರಿಯ ಮೇಲೆಯೇ ತಿಳಿಯಿತು. ಒಂಬತ್ತು ವರ್ಷ ಫ್ಯಾಕ್ಟರಿ ಲೈನಿನಲ್ಲಿ ನಿಂತು ಸಣ್ಣ ಬಿಡಿಭಾಗಗಳನ್ನು ಜೋಡಿಸಿ ಬಲಭುಜ ಹಿಡಿದುಕೊಂಡಿತ್ತು. ವ್ಯಾಯಾಮ ಕಲಿಸಲು ಬೆಂಗಳೂರಿನಿಂದ ಫ್ಯಾಕ್ಟರಿಗೆ ಬಂದಿದ್ದ ಒಬ್ಬ ಮೇಷ್ಟ್ರು ಈ ಗುಂಡನ್ನು ತೋರಿಸಿದ್ದರು. ಮೊದಲು ಎಂಟು ಕೇಜಿ, ಆಮೇಲೆ ಹನ್ನೆರಡು, ಆಮೇಲೆ ಹದಿನಾರು, ಹೀಗೆ ಎರಡು ವರ್ಷದಲ್ಲಿ ಭುಜದ ಹಿಡಿತ ಬಿಟ್ಟಿತು. ಈಗ ಫ್ಯಾಕ್ಟರಿಯವರು ಹೆಂಗಸರ ಹಾಸ್ಟೆಲಿನಲ್ಲಿ ವ್ಯಾಯಾಮಶಾಲೆ ತೆರೆಯುತ್ತಿದ್ದರು. ಮೇಷ್ಟ್ರ ಪರೀಕ್ಷೆ ಪಾಸಾಗಿ ಸರ್ಟಿಫಿಕೇಟ್ ತಂದರೆ ಅಲ್ಲಿ ಕಲಿಸುವ ಕೆಲಸ ಮಾದೇವಿಗೆ. ಪರೀಕ್ಷೆ ಇದ್ದದ್ದು ಸೆಪ್ಟೆಂಬರ್ ಕೊನೆಯ ಭಾನುವಾರ. ಹದಿನಾರು ಕೇಜಿಯ ಗುಂಡನ್ನು ಐದು ನಿಮಿಷದೊಳಗೆ ನೂರು ಸಲ ತಲೆಯ ಮೇಲೆ ಎತ್ತಬೇಕು.

“ಪಾಸಾಗದಿದ್ದರೆ?”

“ಮತ್ತೆ ಲೈನಿಗೆ ಹೋಗ್ಬೇಕು ಸಾರ್. ಲೈನಿಗೋದ್ರೆ ಇನ್ನೊಂದು ವರ್ಸಕ್ಕೆ ಈ ಕೈ ತಲೆ ಬಾಚ್ಕೊಳ್ಳೋಕೂ ಬರಾಕಿಲ್ಲ.”

ನಾನು ಗುಂಡನ್ನು ತಿರುಗಿಸಿ ನೋಡುತ್ತಿದ್ದೆ. ಹದಿನಾರು ಎಂದು ಉಬ್ಬಿದ ಅಂಕಿ ಇತ್ತು. ಎರಕದ ಕೆಲಸ ಒರಟು. “ಇದು ಹದಿನಾರು ಅಂತ ಯಾರು ಹೇಳಿದ್ದು?”

“ಅದ್ರ ಮೇಲೇ ಬರ್ದೈತಲ್ಲ ಸಾರ್!”

ಬರೆದದ್ದನ್ನು ನಂಬುವಂತಿದ್ದರೆ ಸರ್ಕಾರ ನನಗೆ ಸಂಬಳ ಕೊಡಬೇಕಾಗಿರಲಿಲ್ಲ. ಅವಳು ಧ್ವನಿ ತಗ್ಗಿಸಿ ಹೇಳಿದಳು: “ನಂಗೂ ಒಂದು ಅನ್ಮಾನ ಐತೆ ಸಾರ್. ಇದನ್ನ ಎಂಟು ತಿಂಗಳ ಹಿಂದೆ ಇಲ್ಲೇ ಒಂದು ಎರಕದ ಶೆಡ್ಡಲ್ಲಿ ಮಾಡ್ಸಿದ್ದು. ಇಲ್ಲಿ ನೂರು ಎತ್ತೀನಿ. ತಿಂಗಳಿಗೊಂದ್ಸಲ ಬೆಂಗ್ಳೂರಿಗೋಗಿ ಮೇಷ್ಟ್ರದ್ದು ಎತ್ತಿದ್ರೆ ಎಪ್ಪತ್ತಕ್ಕೇ ಉಸ್ರು ಹೋಯ್ತದೆ. ಬಸ್ಸಿನ ಸುಸ್ತು ಅಂತಾರೆ ಅವರು. ಅವರ ಗುಂಡೇ ಜಾಸ್ತಿ ತೂಗ್ತದೆ ಅಂತ ನನ್ ಲೆಕ್ಕ.”

ನಮ್ಮ ಮನೆಯ ಹಿತ್ತಿಲಲ್ಲಿ ತೊಲೆಗೆ ತೂಗುಹಾಕಿದ ತಕ್ಕಡಿ ಇತ್ತು. ಮುದ್ರೆ ಬಿದ್ದ ಕಲ್ಲುಗಳ ಒಂದು ಸೆಟ್ ಕೂಡ. ಏಳು ಗಂಟೆಗೆ ತೂಗಿದೆ. ಹದಿನಾಲ್ಕು ಕೇಜಿ ನಾನ್ನೂರು ಗ್ರಾಂ.

ಮಾದೇವಿ ತಕ್ಕಡಿಯನ್ನು ಮೇಲೆ ಕೆಳಗೆ ನೋಡಿದಳು. “ನಿಮ್ ತಕ್ಕಡಿ ಸರೀಗೈತಾ ಸಾರ್?”

ಈ ಪ್ರಶ್ನೆಯನ್ನು ಜೀವಮಾನದಲ್ಲಿ ನಾನು ಸಾವಿರಾರು ಜನಕ್ಕೆ ಕೇಳಿದ್ದೇನೆ. ನನ್ನನ್ನು ಯಾರೂ ಕೇಳಿರಲಿಲ್ಲ. ಅಡಿಗೆಮನೆಯಿಂದ ಕಮಲ ನಕ್ಕದ್ದು ಕೇಳಿಸಿತು. ಹಳೇ ಪೇಪರ್ ಅಂಗಡಿಗೆ ಹೋಗಿ ತೂಗಿಸಿದೆವು. ಅಲ್ಲೂ ಹದಿನಾಲ್ಕು ನಾನ್ನೂರು. ಗುಲಾಬಿ ಹೂವು ಕಟ್ಟಿ ಪೆಟ್ಟಿಗೆಗೆ ತುಂಬುವ ಶೆಡ್ಡಿಗೆ ಹೋದೆವು. ಅಲ್ಲೂ ಅಷ್ಟೇ. ಮಾದೇವಿಯ ಮುಖ ಇಳಿಯಿತು. ಎಂಟು ತಿಂಗಳು ಅವಳು ದಿನಾ ಎತ್ತಿದ್ದು ಪರೀಕ್ಷೆಯ ಭಾರವನ್ನಲ್ಲ.

ಆಗ ನಾನು ಆಡಬಾರದ ಮಾತು ಆಡಿದೆ. “ನಿಜ ಹೇಳು. ಬೇಗ ನೂರು ಆಗಲಿ ಅಂತ ನೀನೇ ಹಗುರ ಮಾಡಿಸಿದ್ದಾ?”

ಅವಳು ಗುಂಡನ್ನು ಚೀಲಕ್ಕೆ ಹಾಕಿಕೊಂಡಳು. ಎರಡು ವಾರ ನನ್ನ ಕಡೆ ನೋಡಲಿಲ್ಲ. ಬೆಳಗ್ಗೆ ಐದೂ ಹತ್ತಕ್ಕೆ ಅದೇ ಹಗುರ ಗುಂಡು ಹಿಡಿದು ಗೇಟಿನ ಮುಂದೆಯೇ ಹೋಗುವಳು. ಕಮಲಳಿಗೆ ಮಾತ್ರ “ಬತ್ತೀನಕ್ಕಾ” ಅನ್ನುವಳು.

ನನ್ನ ಅನುಮಾನ ತೀರಲಿಲ್ಲ. ಅನುಮಾನವನ್ನು ಅರ್ಧಕ್ಕೆ ಬಿಡುವುದು ನನ್ನ ಪದ್ಧತಿಯಲ್ಲ. ಹದಿನೈದನೆಯ ದಿನ ವಿಚಾರಿಸಿಕೊಂಡು ಆ ಎರಕದ ಶೆಡ್ಡಿಗೆ ಹೋದೆ. ಅವಳು ಹಗುರ ಮಾಡಿಸಿದ್ದಕ್ಕೆ ಸಾಕ್ಷಿ ಸಿಗುತ್ತದೆ ಎಂದೇ ಹೋದದ್ದು, ಸುಳ್ಳು ಬರೆಯುವುದಿಲ್ಲ. ಅಲ್ಲಿಯ ಮೇಸ್ತ್ರಿ ತಮಿಳು, ಕನ್ನಡ ಎರಡನ್ನೂ ಬೆರೆಸಿ ಮಾತನಾಡುವ ನಗುಮುಖದ ಮನುಷ್ಯ. ಗುಂಡಿನ ವಿಷಯ ಎತ್ತಿದ ಕೂಡಲೇ ಹೆಮ್ಮೆಯಿಂದ ಹೇಳಿದ:

“ಆ ಅಮ್ಮ ಹದಿನಾರು ಅಂದ್ರು ಸಾರ್. ಎತ್ತೋದು ಪೊಂಬಳೆ, ಹೆಂಗಸು ತಾನೇ! ಗಂಡಸ್ರೇ ಎತ್ತಲ್ಲ. ಪಾವಂ ಅಂತ ಒಳಗಡೆ ಟೊಳ್ಳು ಬಿಟ್ಟು ಹುಯ್ದೆ. ನಂಬರ್ ಮಾತ್ರ ಹದಿನಾರೇ ಹಾಕ್ದೆ, ಅವರಿಗೂ ಸಂತೋಷ ಆಗ್ಲಿ ಅಂತ.”

“ಅವಳಿಗೆ ಹೇಳಿದೆಯಾ?”

“ಹೇಳಿದ್ರೆ ಮನಸ್ಸಿಗೆ ಕಷ್ಟ ಆಗಲ್ವಾ ಸಾರ್?”

ಕಳ್ಳತೂಕಕ್ಕೆ ಎಷ್ಟೋ ಕಾರಣಗಳನ್ನು ಕೇಳಿದ್ದೇನೆ. ಕನಿಕರ ಎಂಬ ಕಾರಣ ಕೇಳಿದ್ದು ಅದೇ ಮೊದಲು. ಬೈಯಲು ಬಾಯಿ ತೆರೆದೆ. ನಾನು ಅವಳಿಗೆ ಅಂದ ಮಾತು ಇದಕ್ಕಿಂತ ಕೆಟ್ಟದ್ದು ಎಂದು ಹೊಳೆದು ಶೆಡ್ಡಿನಿಂದ ಹೊರಟೆ.

ಸಂಜೆ ಎದುರು ಮನೆಯ ಮೆಟ್ಟಿಲ ಕೆಳಗೆ ನಿಂತು ಕೂಗಿದೆ. “ಮಾದೇವಿ, ಅದು ಮೇಸ್ತ್ರಿ ಮಾಡಿದ್ದು. ನೀನಲ್ಲ.”

ಅವಳು ಮೇಲಿನಿಂದ ಬಗ್ಗಿ ನೋಡಿದಳು. “ನಾನಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತು ಸಾರ್. ನಿಮಗೆ ಗೊತ್ತಾಗೋಕೆ ಎರಡು ವಾರ ಬೇಕಾಯ್ತು.” ಎರಡು ಮೆಟ್ಟಿಲು ಇಳಿದು, “ಈಗೇನ್ ಮಾಡೋದು ಹೇಳಿ. ಇನ್ನು ಏಳೇ ವಾರ ಇರೋದು” ಎಂದಳು.

ಮಾಡಬೇಕಾದದ್ದು ನನಗೆ ಗೊತ್ತಿತ್ತು. ಅಂಗಡಿಯ ತೂಕದ ಕಲ್ಲು ಸವೆದರೆ ತಳದ ತೂತಿಗೆ ಸೀಸ ತುಂಬಿ ಸರಿಮಾಡುತ್ತಾರೆ. ಮರುದಿನ ಮೇಸ್ತ್ರಿಯ ಕೈಯಲ್ಲೇ ಗುಂಡಿನ ತಳ ಕೊರೆಸಿ, ಕರಗಿಸಿದ ಸೀಸ ಹೊಯ್ಯಿಸಿ, ಮೂರು ಸಲ ತೂಗಿ, ತೂತಿನ ಬಾಯಿ ಮುಚ್ಚಿಸಿದೆ. ಹದಿನಾರು ಕೇಜಿ. ಹತ್ತು ಗ್ರಾಂ ಹೆಚ್ಚಿಲ್ಲ, ಕಡಿಮೆಯಿಲ್ಲ. ಮೇಸ್ತ್ರಿ ಮಾದೇವಿಯನ್ನು ನೋಡುತ್ತ, “ಜಾಗ್ರತೆ ಅಮ್ಮಾ” ಎಂದ. “ಟೊಳ್ಳಿದ್ದಾಗ ಹೇಳ್ಬೇಕಿತ್ತು ಅದನ್ನ” ಎಂದಳು ಅವಳು.

ಆ ದಿನವೇ ಅವಳು ಎತ್ತಲು ಶುರು ಮಾಡುತ್ತಾಳೆ ಎಂದುಕೊಂಡಿದ್ದೆ. ಹತ್ತು ದಿನ ಎತ್ತಲೇ ಇಲ್ಲ. ಏರಿಯವರೆಗೆ ಹಿಡಿದುಕೊಂಡು ನಡೆದಳು, ವಾಪಸು ಬಂದಳು, ಅಷ್ಟೆ. ಸಮಯ ವ್ಯರ್ಥ ಮಾಡುತ್ತಿದ್ದಾಳೆ, ಹೆದರಿದ್ದಾಳೆ ಎಂದು ಮತ್ತೆ ನನಗೆ ಅನುಮಾನ.

“ಹೊಸಾ ಎತ್ತನ್ನ ಕೊಂಡ್ಕೊಂಡ್ ಬಂದ ದಿನಾನೇ ನೇಗಿಲಿಗೆ ಕಟ್ತಾರಾ ಸಾರ್? ನಾಕ್ ದಿನ ಜತೇಲಿ ನಡೀಲಿ. ನನ್ ಕೈ ಅದ್ಕೆ ಗೊತ್ತಾಗ್ಲಿ.”

ನಡೆಯುವುದರಲ್ಲಿ ಅವಳಿಗಿದ್ದ ನಂಬಿಕೆ ಎಲ್ಲಿಂದ ಬಂತೆಂದು ಆಮೇಲೆ ತಿಳಿಯಿತು. ಅವಳ ಊರು ಅಂಚೆಟ್ಟಿಯಿಂದಾಚೆ ಬೆಟ್ಟದ ಮೇಲೆ. ದಿನಕ್ಕೊಂದೇ ಬಸ್ಸು, ಅದೂ ಬಂದರೆ ಬಂತು. ಶಾಲೆಗೆ, ಸೌದೆಗೆ, ನೀರಿಗೆ, ಎಲ್ಲಕ್ಕೂ ನಡಿಗೆ. ಭಾನುವಾರ ತಾಯಿಯನ್ನು ನೋಡಲು ಹೋಗುವಾಗ ಗುಂಡನ್ನೂ ಹೊತ್ತು ಆ ಕಾಡುದಾರಿಯಲ್ಲಿ ನಡೆಯುವಳು.

“ಆನೆ ಬಂದರೆ?” ಎಂದೆ.

“ಬಂದ್ರೆ ಇದನ್ನ ಅಲ್ಲೇ ಬುಟ್ಬುಟ್ಟು ಓಡ್ತೀನಿ. ಆನೆ ಏನ್ ಸರ್ಟಿಫಿಕೇಟ್ ಕೇಳ್ತದಾ?”

ಹನ್ನೊಂದನೆಯ ದಿನದಿಂದ ಎತ್ತಿದಳು. ಎಣಿಕೆ ನನ್ನದು, ಗಡಿಯಾರವೂ ನನ್ನದು. ಮೊಣಕೈ ಪೂರ್ತಿ ನೆಟ್ಟಗಾಗದಿದ್ದರೆ “ಇದು ಸೇರಲ್ಲ” ಎನ್ನುತ್ತಿದ್ದೆ. ಮೊದಲ ದಿನ ಐವತ್ತೆಂಟು. ವಾರದ ಕೊನೆಗೆ ಅರವತ್ತಾರು. ಅವಳು ಒಂದು ದಿನವೂ ಕೈ ಸೋಲುವವರೆಗೆ ಎತ್ತಲಿಲ್ಲ. ಇನ್ನೂ ನಾಲ್ಕು ಎತ್ತಬಹುದಿತ್ತು ಎನ್ನುವಾಗಲೇ ಇಳಿಸಿಬಿಡುವಳು. “ನಾಳೆಗೂ ಇರ್ಲಿ ಸಾರ್” ಅನ್ನುವಳು. ನನಗೆ ಅದೂ ಸೋಮಾರಿತನವಿರಬಹುದೇ ಎನ್ನಿಸುತ್ತಿತ್ತು. ಸೆಪ್ಟೆಂಬರ್ ಮೂರನೆಯ ವಾರ ತೊಂಬತ್ತೇಳು. ನೂರು ಆಗಲೇ ಇಲ್ಲ.

ಪರೀಕ್ಷೆಯ ದಿನ ನಾನೂ ಬೆಂಗಳೂರಿಗೆ ಹೊರಟೆ. ಅವಳ ಗುಂಡನ್ನೂ ಹೊರಡಿಸಿದೆ. ಅಲ್ಲಿ ಅವರದೇ ಗುಂಡುಗಳಿರುತ್ತವೆ, ಬೇಡ ಎಂದಳು. ಅವರ ತೂಕ ಸರಿಯಿದೆ ಎಂದು ಯಾರು ಹೇಳಿದ್ದು ಎಂದೆ. ಕೈಚೀಲದಲ್ಲಿ ಸ್ಪ್ರಿಂಗ್ ತಕ್ಕಡಿಯನ್ನೂ ಇಟ್ಟುಕೊಂಡಿದ್ದೆ. ಮೇಷ್ಟ್ರ ವ್ಯಾಯಾಮಶಾಲೆಯಲ್ಲಿ ಅದನ್ನು ಹೊರಗೆ ತೆಗೆದಾಗ ಮಾದೇವಿ ನನ್ನ ತೋಳು ಹಿಡಿದಳು. “ಸಾರ್, ಕೈ ಮುಗೀತೀನಿ, ನನ್ ಮರ್ಯಾದೆ ಕಳೀಬ್ಯಾಡಿ.” ಮೇಷ್ಟ್ರು ಒಳ್ಳೆಯವರು, ನಕ್ಕು ತೂಗಲು ಬಿಟ್ಟರು. ಅವರ ಗುಂಡು, ನಮ್ಮ ಗುಂಡು, ಎರಡೂ ಒಂದೇ. ಮುಳ್ಳು ಒಂದೇ ಗೆರೆಯಲ್ಲಿ ನಿಂತಿತು. ನನಗೆ ತುಸು ನಿರಾಸೆಯೇ ಆಯಿತು.

ಆಮೇಲೆ ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ಒಂದೂವರೆಗೆ ಮಾದೇವಿ ಮುಖ ತೊಳೆದುಕೊಂಡು ಹೊರಗೆ ಬಂದಳು. “ಹಸಿವು ಸಾರ್” ಎಂದಳು, ಅಷ್ಟೆ. ಎರಡು ತಟ್ಟೆ ಚಿತ್ರಾನ್ನ ತಿಂದಳು. ಬಸ್ಸಿನಲ್ಲಿ ಕಿಟಕಿಗೆ ಒರಗಿ ನಿದ್ದೆ ಹೋದಳು. ಪಾಸಾದವರು ಹೀಗೆ ಸುಮ್ಮನಿರುವುದಿಲ್ಲ. ತೊಂಬತ್ತೇಳಕ್ಕೇ ನಿಂತಿರಬೇಕು. ಕಳೆದುಹೋದ ಆ ಎರಡು ವಾರ ಇದ್ದಿದ್ದರೆ ಇನ್ನು ಮೂರು ಕಷ್ಟವಿರಲಿಲ್ಲ. ಆ ಎರಡು ವಾರ ಕಳೆದದ್ದು ನನ್ನ ಮಾತಿನಿಂದ. ಕೇಳಲು ನನಗೆ ಧೈರ್ಯ ಬರಲಿಲ್ಲ.

ಹೊಸೂರು ಬಸ್ ನಿಲ್ದಾಣದಲ್ಲಿ ಇಳಿದಾಗ ನಾಲ್ಕು ಗಂಟೆ. ಅವಳು ರವಿಕೆಯೊಳಗಿನಿಂದ ಮಡಚಿದ ಹಾಳೆ ತೆಗೆದು ನನ್ನ ಕೈಗಿಟ್ಟಳು. “ನೋಡಿ ಸಾರ್. ಬಾಯಲ್ಲಿ ಹೇಳಿದ್ರೆ ನೀವು ನಂಬ್ತಿರ್ಲಿಲ್ಲ.”

ಕನ್ನಡಕ ಹಾಕಿಕೊಂಡೆ. ಹೆಸರು, ದಿನಾಂಕ, ಭಾರ, ಸಹಿ. ಎಣಿಕೆ ನೂರ ಎರಡು. ಹಾಳೆ ತಿರುಗಿಸಿ ಹಿಂದೆಯೂ ನೋಡಿದೆ.

“ಎಣಿಸಿದ್ದು ಯಾರು?”

“ನೀವಲ್ಲ ಬಿಡಿ. ನೀವಾಗಿದ್ರೆ ಎಂಬತ್ತೂ ಆಗ್ತಿರ್ಲಿಲ್ಲ.”

ಹುಡುಕಿದೆ, ತಪ್ಪು ಸಿಗಲಿಲ್ಲ. “ಸರಿಯಾಗಿದೆ” ಎಂದೆ. ಮೂವತ್ತೊಂದು ವರ್ಷ ಎಷ್ಟೋ ಜನಕ್ಕೆ ಹೇಳಿದ ಮಾತು. ಆ ದಿನ ಅದನ್ನು ಎರಡು ಸಲ ಹೇಳಿದೆ. ಅವಳು ಬೇರೆ ಕಡೆ ನೋಡಿದಳು.

ತಾಯಿಗೆ ಹೇಳಿಬರಲು ಅವಳು ಅಂಚೆಟ್ಟಿಗೆ ಹೊರಟಳು. ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು. “ನಡೀತಿರ್ತೀನಿ, ಬಸ್ಸು ಹಿಂದಿಂದ ಬತ್ತದೆ” ಎಂದು ಚೀಲವನ್ನು ನನ್ನ ಮುಂದಿಟ್ಟಳು. “ಇದನ್ನ ತರ್ಸಿದ್ದು ನೀವು. ಮನೆಗೂ ನೀವೇ ತಗೊಂಡೋಗಿ.” ತಳಿ ರಸ್ತೆಯ ಕಡೆಗೆ ಹೊರಟವಳು ತಿರುಗಿ ನೋಡಲಿಲ್ಲ. ಕೈ ಖಾಲಿ, ಭುಜಗಳೆರಡೂ ಒಂದೇ ಮಟ್ಟ.

ನಾನು ಅವಳನ್ನು ಕಂಡದ್ದು ಅದೇ ಕೊನೆ. ಮರುದಿನ ನಸುಕಿಗೇ ನಾನು ಕಣ್ಣಿನ ಆಪರೇಷನ್ನಿಗೆಂದು ಮದುರೆಗೆ ಹೊರಟೆ; ನಾನು ಅಲ್ಲಿದ್ದಾಗ ಅವಳು ಕೋಣೆ ಖಾಲಿ ಮಾಡಿ ಹಾಸ್ಟೆಲಿಗೆ ಹೋದಳಂತೆ. ವರ್ಷದೊಳಗೆ ಫ್ಯಾಕ್ಟರಿಯವರು ಅವಳನ್ನು ತಮ್ಮ ಇನ್ನೊಂದು ಘಟಕಕ್ಕೆ, ದೂರದ ಊರಿಗೆ ಕಳಿಸಿದರು. ತನ್ನ ವ್ಯಾಯಾಮಶಾಲೆಯಲ್ಲಿ ನಲವತ್ತು ಹೆಂಗಸರು ಕಲಿಯುತ್ತಿದ್ದಾರೆ ಎಂದು ಕಮಲಳಿಗೆ ಒಮ್ಮೆ ಫೋನು ಮಾಡಿದ್ದಳು. ಆ ನಲವತ್ತನ್ನು ಎಣಿಸಿದ್ದು ಯಾರೋ ನನಗೆ ಗೊತ್ತಿಲ್ಲ.

ಆ ಭಾನುವಾರ ಬಸ್ ನಿಲ್ದಾಣದಲ್ಲಿ ಆಟೋಗಳು ಸಾಲಾಗಿ ನಿಂತಿದ್ದವು. ಕರೆಯಲಿಲ್ಲ. ಚೀಲ ಎತ್ತಿದೆ. ಅದನ್ನು ತಕ್ಕಡಿಗೆ ಎಷ್ಟೋ ಸಲ ಇಟ್ಟಿದ್ದೆ, ಹಿಡಿದು ನಡೆದಿರಲಿಲ್ಲ. ಮೂವತ್ತು ಹೆಜ್ಜೆಗೆ ಬೆರಳು ಬಿಚ್ಚಿಕೊಂಡವು, ಭುಜ ವಾಲಿತು. ಇಳಿಸಿದೆ, ಕೈ ಬದಲಿಸಿದೆ, ಮತ್ತೆ ನಡೆದೆ. ಆಲಸನತ್ತಂ ತಲುಪುವಷ್ಟರಲ್ಲಿ ಎಷ್ಟು ಸಲ ಇಳಿಸಿದೆ ಎಂಬ ಎಣಿಕೆ ತಪ್ಪಿತು. ಎದುರು ಮನೆಯ ಮೆಟ್ಟಿಲನ್ನು ಒಂದೊಂದಾಗಿ ಹತ್ತಿ, ಆರು ಗಂಟೆ ಐದು ನಿಮಿಷಕ್ಕೆ ಅವಳ ಬಾಗಿಲ ಪಕ್ಕ ಗೋಡೆಗೆ ತಾಗದಂತೆ ಇಟ್ಟೆ.