ಕೆಂಚನಿಗಿದ್ದ ಎರಡನೆಯ ಕಾಯಿಲೆ

ಕೆಂಚ ಸತ್ತದ್ದು ಸಾಕಮ್ಮ ಹಾಕಿದ ಮೀನಿನಿಂದಲ್ಲ. ನಾನು ತಂದ ಮರಿಯಿಂದ. ಇದು ನನಗೆ ಅಂದೇ ಗೊತ್ತಿತ್ತು. ಗೊತ್ತಿದ್ದೂ ಹೇಳಲಿಲ್ಲ — ಹೇಳಲಿಲ್ಲ ಎನ್ನುವುದೂ ಪೂರ್ತಿ ಸರಿಯಲ್ಲ. ಅರ್ಧ ಹೇಳಿದೆ. ಆ ಅರ್ಧವೇ ಇಷ್ಟು ವರ್ಷ ಅವಳನ್ನು ತಿಂದಿತು.

ನಾನು ಟಿ. ನರಸೀಪುರದ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ವಾರ್ಡನ್ ಆಗಿದ್ದು ನಿವೃತ್ತಳಾದವಳು. ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಉಣ್ಣಬೇಕು. ನಂಜನಗೂಡಿನ ಈ ಮನೆಗೆ ಬಂದ ಮೇಲೆ ಗಂಟೆ ಇಲ್ಲವಾಯಿತು, ಅಭ್ಯಾಸ ಉಳಿಯಿತು. ಪಕ್ಕದ ಮನೆಯ ಸಾಕಮ್ಮ ತಾಂಡ್ಯದ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಿದ್ದಳು. ಭಾನುವಾರ ಹೊಳೆಮೀನು ತಂದು ಹಿತ್ತಲ ಕಲ್ಲಿನ ಮೇಲೆ ಉಜ್ಜುವಳು. ತಲೆ, ಕರುಳು ಅವಳ ಬೆಕ್ಕು ಕೆಂಚನ ಪಾಲು. ನಮ್ಮ ಮನೆಯಲ್ಲಿ ಮೀನು, ಮಾಂಸ ಇಲ್ಲ. ವಾಸನೆ ಬಂದ ಕೂಡಲೇ ನಾನು ಅಡುಗೆಮನೆಯ ಕಿಟಕಿ ಮುಚ್ಚುತ್ತಿದ್ದೆ — ಅವಳಿಗೆ ಕೇಳಿಸುವಷ್ಟು ಸದ್ದು ಮಾಡಿಯೇ. ಅವಳು ನಗುತ್ತಿದ್ದಳು.

“ಕಿಟ್ಕಿ ಹಾಕ್ಬುಟ್ರೆ ಮೀನು ವಾಪಸ್ ನೀರಿಗೆ ಓದದಾ, ವಾರ್ಡನ್ನಮ್ಮಾರೇ?”

ಒಮ್ಮೆ ಹಳೆಯ ಹಾಸ್ಟೆಲನ್ನು ನೋಡಿಬರಲು ಹೋಗಿದ್ದೆ. ಅಡುಗೆಮನೆಯ ಹಿಂದೆ ಬೆಕ್ಕು ಮರಿ ಹಾಕಿತ್ತು. ಉಳಿದದ್ದು ಒಂದೇ ಮರಿ. ಮಿಕ್ಕವು ವಾಂತಿ ಭೇದಿಯಾಗಿ ಒಂದರ ಹಿಂದೊಂದು ಹೋದವು, ಇದಕ್ಕೂ ಆಗಿತ್ತು, ಈಗಷ್ಟೇ ಚೇತರಿಸಿಕೊಂಡಿದೆ ಎಂದು ಅಡುಗೆಯವಳು ಹೇಳಿದಳು. ಕೇಳಿಸಿಕೊಂಡೆ. ಬೂದಿ ಬಣ್ಣದ ಆ ಮರಿಗೆ ಬೂದಿ ಎಂದೇ ಹೆಸರಿಟ್ಟು, ಬುಟ್ಟಿಯಲ್ಲಿಟ್ಟುಕೊಂಡು ಬಸ್ಸು ಹತ್ತಿದೆ.

ಹಾಸ್ಟೆಲಿಗೆ ಹೊಸ ಹುಡುಗಿ ಬಂದರೆ ಮೊದಲು ಅವಳ ತಲೆಗೂದಲು, ಕೈಬೆರಳ ಸಂದು ನೋಡುತ್ತಿದ್ದವಳು ನಾನು. ಕಜ್ಜಿ ಕಂಡರೆ ಬೇರೆ ಹಾಸಿಗೆ, ಬೇರೆ ತಟ್ಟೆ. ಎಷ್ಟು ಅತ್ತರೂ ರಿಯಾಯಿತಿ ಇಲ್ಲ. ಬೂದಿಯ ವಿಷಯದಲ್ಲಿ ಮಾತ್ರ — ಅದು ದಾರಿಯುದ್ದಕ್ಕೂ ನನ್ನ ಮಡಿಲಲ್ಲಿ ಗುರುಗುರು ಅನ್ನುತ್ತ ಮಲಗಿತ್ತು, ಅಷ್ಟೇ. ಮರುದಿನದಿಂದ ಬೂದಿಗೂ, ಸಾಕಮ್ಮ ಕೆಲಸಕ್ಕೆ ಹೋದ ಮೇಲೆ ನಮ್ಮ ಮನೆಗೆ ಬರುತ್ತಿದ್ದ ಕೆಂಚನಿಗೂ ಒಂದೇ ತಟ್ಟೆಯಲ್ಲಿ ಹಾಲು. ಇಬ್ಬರೂ ಹೊತ್ತಿಗೆ ಸರಿಯಾಗಿ ಬಂದು ಕೂರುವುದನ್ನು ಕಂಡು ನಾನು ಹೆಮ್ಮೆಪಡುತ್ತಿದ್ದೆ.

ಸ್ವಲ್ಪ ದಿನಕ್ಕೇ ಕೆಂಚ ಊಟ ಬಿಟ್ಟ. ನೀರಿನ ಬಟ್ಟಲ ಮುಂದೆ ಮುದುರಿ ಕೂರುತ್ತಿದ್ದ, ಕುಡಿಯುತ್ತಿರಲಿಲ್ಲ. ಸಾಕಮ್ಮನಿಗೆ ರಜೆ ಸಿಗಲಿಲ್ಲ. ಪಶು ಆಸ್ಪತ್ರೆಗೆ ನಾನೇ ಕರೆದೊಯ್ದೆ — ಅದಕ್ಕೇ ಡಾಕ್ಟರ ಮಾತು ಕೇಳಿಸಿಕೊಂಡವಳು ನಾನೊಬ್ಬಳೇ.

ಅವರು ಪರೀಕ್ಷೆ ಮಾಡಿ ವಿವರಿಸಿದರು. ಕಾಯಿಲೆ ಒಂದಲ್ಲ, ಎರಡು. ಹೊಟ್ಟೆಯಲ್ಲಿ ಹುಳ ಇದೆ; ಹೊರಗೆ ತಿರುಗುವ ಬೆಕ್ಕುಗಳಿಗೆ ಅದು ಇರುವಂಥದ್ದೇ, ಬರೀ ಹುಳವಾಗಿದ್ದರೆ ಔಷಧಿಗೆ ಹೋಗುತ್ತಿತ್ತು. ಹುಳದಿಂದ ಸೊರಗಿದ ಮೈಗೆ ಈಗ ವೈರಸ್ ಹೊಕ್ಕಿದೆ. ಜೀವಕ್ಕೆ ಬಂದಿರುವುದು ಅದು. ಬೆಕ್ಕಿನಿಂದ ಬೆಕ್ಕಿಗೆ, ಒಂದೇ ತಟ್ಟೆಯಿಂದಲೂ ಹರಡುತ್ತದೆ. ಚೇತರಿಸಿಕೊಂಡ ಮರಿಯೂ ಕೆಲವು ವಾರ ಅದನ್ನು ಹರಡುತ್ತಿರುತ್ತದೆ. ಹೊಸದಾಗಿ ಯಾವುದಾದರೂ ಮರಿ ತಂದಿರಾ ಎಂದು ಕೇಳಿದರು. ತಂದೆ ಎಂದೆ. ಅವರು ಡ್ರಿಪ್ ಹಾಕಿದರು.

ಹಿಂದಿರುಗುವಾಗ ಆಟೋದಲ್ಲಿ ಕೆಂಚ ನನ್ನ ಮಡಿಲಲ್ಲೇ ತೀರಿಕೊಂಡ. ಬೂದಿ ಗುರುಗುಟ್ಟಿದ್ದ ಅದೇ ಮಡಿಲು.

ಸಂಜೆ ಸಾಕಮ್ಮ ಕಾರ್ಖಾನೆಯ ಬಸ್ಸಿಳಿದು ಓಡಿಬಂದಳು. ಏನಾಗಿತ್ತಂತೆ ಎಂದಳು. ಎರಡೂ ನನ್ನ ಬಾಯಿಯಲ್ಲೇ ಇದ್ದವು. ಒಂದನ್ನು ಆರಿಸಿದೆ.

“ಹೊಟ್ಟೆಯಲ್ಲಿ ಹುಳ ಇತ್ತಂತೆ, ಸಾಕಮ್ಮ. ಹಸಿ ಮೀನು ಹಾಕ್ತಿದ್ದೆಯಲ್ಲ.”

ಮೊದಲನೆಯ ಮಾತು ನಿಜ. ಎರಡನೆಯದೂ ನಿಜ. ಒಂದರ ಪಕ್ಕ ಒಂದನ್ನು ಇಟ್ಟವಳು ನಾನು. ಅವಳು ತನ್ನ ಅಂಗೈಯನ್ನು ಒಮ್ಮೆ ನೋಡಿಕೊಂಡಳು, ಒಳಗೆ ಹೋದಳು.

ಆಮೇಲೆ ಅವಳು ಮನೆಗೆ ಮೀನು ತರಲಿಲ್ಲ. ಹಿತ್ತಲ ಕಲ್ಲು ಒಣಗಿತು. ಭಾನುವಾರ ನನ್ನ ಅಡುಗೆಮನೆಗೆ ಬರೀ ನನ್ನ ಸಾರಿನ ಪರಿಮಳ — ನನಗೆ ಹಿತವೇ ಆಯಿತು. ಇದನ್ನು ಬರೆಯದೆ ಬಿಡಬಹುದಿತ್ತು. ಬೂದಿ ದಷ್ಟಪುಷ್ಟವಾಗಿ ಬೆಳೆಯಿತು. ಸಾಕಮ್ಮ ಗೋಡೆಯಾಚೆಯಿಂದ ಅದರ ತಲೆ ಸವರಿ, ನೀನಾದರೂ ಒಳ್ಳೆಯವರ ಕೈಗೆ ಸಿಕ್ಕಿದೆ ಅನ್ನುತ್ತಿದ್ದಳು. ನಾನು ಪಾತ್ರೆ ತೊಳೆಯುತ್ತಿದ್ದೆ. ತೊಳೆದದ್ದನ್ನೇ ಮತ್ತೆ...

ಈ ವರ್ಷ ಅವಳು ಕೆಲಸ ಬಿಟ್ಟಳು. ಕೆಲವು ದಿನಗಳ ಹಿಂದೆ ಸೆರಗಿನಲ್ಲಿ ಕಪ್ಪು ಮರಿಯೊಂದನ್ನು ಸುತ್ತಿಕೊಂಡು ನನ್ನ ಬಾಗಿಲಿಗೆ ಬಂದಳು. ಬಸ್ ನಿಲ್ದಾಣದ ಹತ್ತಿರ ಸಿಕ್ಕಿತಂತೆ.

“ನೀವೇ ಮಡೀಕಳಿ ವಾರ್ಡನ್ನಮ್ಮಾರೇ. ನನ್ ಕೈಗೆ ಬೆಕ್ಕು ಆಗ್ಬರಕಿಲ್ಲ.”

ಅವಳನ್ನು ಕೂರಿಸಿದೆ. ಹುಳದ ಮಾತು, ವೈರಸ್ಸಿನ ಮಾತು, ನರಸೀಪುರದ ಬುಟ್ಟಿ, ಒಂದೇ ತಟ್ಟೆ, ಡಾಕ್ಟರು ಕೇಳಿದ್ದು, ನಾನು ಅವಳಿಗೆ ಹೇಳದೆ ಬಿಟ್ಟದ್ದು — ಎಲ್ಲವನ್ನೂ ಹೇಳಿದೆ. ಅವಳು ಮರಿಯ ಬೆನ್ನು ಸವರುತ್ತಲೇ ಇದ್ದಳು.

“ಅವತ್ತೇ ಏಳಿದ್ರೆ ಏನಾಗದು? ನಿಮ್ಮನ್ನ ಬಾಯ್ತುಂಬ ಬೈಯ್ಯೋಳು, ನಾಕ್ ದಿನ ಮಾತ್ ಬುಡೋಳು. ಅಷ್ಟೇಯ. ಇಷ್ಟ್ ವರ್ಸ ನನ್ ಕೈಯ್ಯ ನಾನೇ ಬೈಕಂಡ್ನಲ್ಲವ್ವ.”

ಮರಿಯನ್ನು ಎತ್ತಿಕೊಂಡು ತನ್ನ ಮನೆಗೇ ಹೋದಳು.

ನಾಲ್ಕು ದಿನ ಅವಳು ಮಾತಾಡಲಿಲ್ಲ. ಐದನೆಯ ದಿನ ಆಟೋ ಕರೆಸಿದ್ದೀನಿ, ಬುಟ್ಟಿ ತನ್ನಿ ಎಂದಳು. ಇಬ್ಬರೂ ಆಸ್ಪತ್ರೆಗೆ ಹೋದೆವು. ಮರಿಗೆ ಹುಳದ ಔಷಧಿ ಆಯಿತು. ಲಸಿಕೆಗೆ ಇನ್ನಷ್ಟು ದಿನ ಕಾಯಬೇಕು, ಅಲ್ಲಿಯವರೆಗೆ ಅದಕ್ಕೆ ಬೇರೆ ಕೋಣೆ, ಬೇರೆ ತಟ್ಟೆ. ನಾನು ಮುಟ್ಟುವ ಮೊದಲೂ ಮುಟ್ಟಿದ ಮೇಲೂ ಕೈ ತೊಳೆಯುತ್ತೇನೆ. ಮುದಿಯಾದ ಬೂದಿ ಗೋಡೆಯ ಮೇಲೆ ಬಿಸಿಲು ಕಾಯುತ್ತ ನಮ್ಮಿಬ್ಬರನ್ನೂ ನೋಡುತ್ತದೆ. ಸಂಜೆ ಸಾಕಮ್ಮನ ಜಗಲಿಯಲ್ಲಿ ಕಾಫಿ ಕುಡಿಯುತ್ತೇವೆ. ನೆಮ್ಮದಿಯ ದಿನಗಳೇ. ಅವಳು ಕ್ಷಮಿಸಿದ್ದಾಳೆಯೇ — ಕೇಳಿಲ್ಲ. ಕೇಳುವುದಿಲ್ಲ.

ಇವತ್ತು ಭಾನುವಾರ. ಬೆಳಿಗ್ಗೆ ಹಿತ್ತಲ ಕಲ್ಲಿನ ಮೇಲೆ ನೀರು ಸುರಿದ ಸದ್ದಾಯಿತು, ಆಮೇಲೆ ಉಜ್ಜುವ ಸದ್ದು. ವಾಸನೆ ನೇರ ನನ್ನ ಒಲೆಯವರೆಗೂ ಬಂತು. ಅಭ್ಯಾಸದಂತೆ ಕೈ ಕಿಟಕಿಯ ಕಡೆಗೆ ಹೋಯಿತು. ಅದನ್ನು ಇನ್ನೂ ಸ್ವಲ್ಪ ಅಗಲ ತೆರೆದಿಟ್ಟು, ಸಾರಿಗೆ ಒಗ್ಗರಣೆ ಹಾಕಿದೆ.